ಗಡಿ ಹೇಳಿದ ಸುಳ್ಳು

"ಕಣ್ಣಿಗೆ ರಾಚೋ ಹಾಗೆ ಬರೆದಿದೆಯಲ್ಲೇ ವರ್ನಾ, ನೋಡು," ಎಂದು ಡೇಲ್ ಪೆಲ್ಕಿ ಹ್ಯಾಲ್ಡನ್ ಪಟ್ಟಣದ ತನ್ನ ಕಚೇರಿಯಲ್ಲಿ ಪರದೆಯ ಮೇಲೆ ಬೆರಳು ಕುಟ್ಟಿದ. "ಸುಳ್ಳು ಹೇಳಿದ್ದು ಯಾವುದು? ಗಡಿ ರೂಟರ್. ಗಡಿ ರೂಟರ್ ಯಾರ ಕೈಲಿದೆ? ಸೆನ್ಯಾ ಕೈಲಿ. ಇನ್ನೇನು ಬೇಕು ನಿಂಗೆ, ಅವಳ ಬೆರಳಚ್ಚಾ?"

ವರ್ನಾ ಟ್ರೆವಾರೊಳ ಬಾಯಲ್ಲಿ ಬಿಸಿ ಪ್ಯಾಸ್ಟಿ ಇತ್ತು. ಮಾಂಸ, ಆಲೂಗಡ್ಡೆ ತುಂಬಿ ಸುಟ್ಟ, ಕರಿಗಡುಬಿನ ದೊಡ್ಡಪ್ಪನಂತಿದ್ದ ಅದನ್ನು ತರಿಸಿಕೊಟ್ಟವನೂ ಡೇಲನೇ. ಲಂಚ ಎನ್ನಲು ತೀರಾ ಚಿಕ್ಕದು, ಬೇಡ ಎನ್ನಲು ತೀರಾ ರುಚಿ. ನುಂಗಿ, ಕೈ ಒರೆಸಿಕೊಂಡು, ಆಮೇಲೆ ಅವಳು ಪರದೆಯತ್ತ ಬಾಗಿದಳು.

ಮಂಗಳವಾರ, ಜಿಂಕೆ ಬೇಟೆಯ ಮೊದಲ ದಿನ, ಹ್ಯಾಲ್ಡನ್ ಕೌಂಟಿಯ ತುರ್ತು ಕರೆಗಳೆಲ್ಲ ಮುಕ್ಕಾಲು ಗಂಟೆ ಎಲ್ಲಿಗೂ ತಲುಪದೆ ಹೋದವು. ಅಷ್ಟು ಹೊತ್ತೂ ಲೆಂಪಿ ಕಂಗಾಸ್ ಪಾರ್ಶ್ವವಾಯು ಹೊಡೆದು ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು, ಗಂಡ ಅರ್ವೊ ಫೋನು ಒತ್ತುತ್ತಲೇ ಇದ್ದ. ಜೀವ ಉಳಿಯಿತು, ಮಾತು ಹೋಯಿತು. ತುರ್ತು ಕರೆ ಕೇಂದ್ರವಿರುವ ಹೆರನ್ ಪಾಯಿಂಟಿನಲ್ಲಿ, ಜಾಲದ ಯಂತ್ರಗಳ ಶೆಡ್ಡಿನೊಳಗೆ ಯಾರೋ ಆ ಕೇಂದ್ರದ ಫೈಬರ್ ಕೇಬಲ್ಲನ್ನು ಕಿತ್ತಿದ್ದರು. ಕೇಂದ್ರಕ್ಕಿದ್ದ ಎರಡನೆಯ ದಾರಿ ಭಾನುವಾರದ ಗಾಳಿಗೇ ಕಡಿದುಬಿದ್ದಿತ್ತು.

ವರ್ನಾ ವಿಮಾ ಕಂಪನಿಯ ಪತ್ತೇದಾರಿಣಿ. ಅದಕ್ಕೂ ಮುಂಚೆ ಇಂಥವೇ ಜಾಲಗಳಲ್ಲಿ ಕಂಬ ಹತ್ತಿ, ಕೇಬಲ್ ಎಳೆದು ಅಂಗೈ ಒರಟು ಮಾಡಿಕೊಂಡವಳು. ಡೇಲ್ ಅವಳ ಶಾಲೆಯ ಜೊತೆಗಾರ, ಈಗ ಹ್ಯಾಲ್ಡನ್ ಟೆಲಿಫೋನ್ ಸಹಕಾರ ಸಂಘದ ಮ್ಯಾನೇಜರು. ಸೆನ್ಯಾ ರಾಂಟಾ ಆ ಸಂಘದ ಜಾಲ ನೋಡಿಕೊಳ್ಳುವ ಎಂಜಿನಿಯರು.

"ಕೇಂದ್ರ ಸತ್ತ ಕೂಡಲೇ ಕರೆಗಳು ತಾವಾಗೇ ಪಕ್ಕದ ಕೌಂಟಿಗೆ ತಿರುಗಬೇಕಿತ್ತು," ಎಂದ ಡೇಲ್. "ಅದಕ್ಕೇ ಅಲ್ವಾ ಅಷ್ಟೆಲ್ಲ ಏರ್ಪಾಡು ಮಾಡಿದ್ದು? ತಿರುಗಲಿಲ್ಲ. ಯಾಕೆ? ಇವಳ ಗಡಿ ರೂಟರ್ ಊರಿಗೆಲ್ಲ ಸಾರ್ತಾನೇ ಇತ್ತು, ಹೆರನ್ ಪಾಯಿಂಟ್ ಪೂರ್ತಿ ಸರಿಯಾಗಿದೆ, ಎಲ್ಲಾ ನನ್ನ ಹತ್ರ ಕಳಿಸಿ ಅಂತ. ಕಳಿಸಿದ್ರು. ಎಲ್ಲಾ ಬಾವಿಗೆ ಬಿತ್ತು."

"ಕೇಂದ್ರದಲ್ಲಿ ಕೂತಿದ್ದೋರಿಗೆ ಗೊತ್ತಾಗಲಿಲ್ವಾ?"

"ಗಂಡಸರೆಲ್ಲ ಕಾಡಿಗೆ ಹೋಗಿದ್ದಾರೆ, ಇವತ್ತು ಫೋನು ಕಡಿಮೆ ಅಂದ್ಕೊಂಡು ಕಾಫಿ ಕುಡೀತಾ ಕೂತಿದ್ರಂತೆ."

"ಸೆನ್ಯಾ ಏನಂತಾಳೆ?"

"ಏನೂ ಅನ್ನಲ್ಲ. ಅದೇ ದೊಡ್ಡ ಸಾಕ್ಷಿ. ತಪ್ಪು ಮಾಡದೋರು ಹೀಗೆ ಬಾಯಿಗೆ ಬೀಗ ಹಾಕ್ಕೊಂಡು ಕೂರ್ತಾರಾ? ಶೆಡ್ಡಿನ ಬೀಗದ ಕೈಯೂ ಅವಳ ಹತ್ರಾನೇ ಇತ್ತು. ಸಂಜೆ ಐದಕ್ಕೆ ಚರ್ಚಿನ ನೆಲಮಾಳಿಗೇಲಿ ಆಡಳಿತ ಮಂಡಳಿ ಸೇರುತ್ತೆ, ಷೆರೀಫನೂ ಬರ್ತಾನೆ. ನೀನು ವರದಿಗೊಂದು ಸಹಿ ಹಾಕಿಬಿಟ್ರೆ..."

"ಹಾಕ್ತೀನಿ ಇರಪ್ಪ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀಬೇಡ."

ವರ್ನಾಗೆ ಒಳಗೊಳಗೇ ಕಿರಿಕಿರಿಯಾಗಿತ್ತು. ಡೇಲ್ ಮಾಡಿದ ತಪ್ಪನ್ನು ಈ ಕಸುಬಿನವರು ಮಾತ್ರ ಮಾಡಬಲ್ಲರು. ಹೊರಗಿನವರಾಗಿದ್ದರೆ ಪರದೆ ನೋಡಿ ತಲೆಬುಡ ತಿಳಿಯದೆ ಸುಮ್ಮನಾಗುತ್ತಿದ್ದರು. ಇವನಿಗೆ ಅರ್ಧ ತಿಳಿದಿತ್ತು.

ಈ ಜಾಲದಲ್ಲಿ ಒಂದು ವಲಯದೊಳಗಿನ ರೂಟರುಗಳಿಗೆ ಒಬ್ಬರಿಂದೊಬ್ಬರಿಗೆ ಮುಚ್ಚುಮರೆಯಿಲ್ಲ. ನನ್ನ ಯಾವ ಕೇಬಲ್ ನೆಟ್ಟಗಿದೆ, ಯಾವುದು ಕಡಿದಿದೆ ಎಂದು ಪ್ರತಿಯೊಂದೂ ಕೂಗಿ ಹೇಳುತ್ತದೆ. ಕೇಳಿಸಿಕೊಂಡದ್ದನ್ನು ಪಕ್ಕದವರು ಮುಂದಕ್ಕೆ ದಾಟಿಸುತ್ತಾರೆ. ಕ್ಷಣದಲ್ಲಿ ಎಲ್ಲರ ಹತ್ತಿರವೂ ಒಂದೇ ನಕ್ಷೆ. ಒಂದೇ ಓಣಿಯ ಮನೆಗಳಂತೆ, ಯಾರ ಒಲೆ ಹೊತ್ತಿಲ್ಲ ಎಂಬುದೂ ಎಲ್ಲರಿಗೂ ಗೊತ್ತು. ಗಡಿ ದಾಟಿದರೆ ಬೇರೆ ನ್ಯಾಯ. ಗಡಿ ರೂಟರ್ ಒಳಗಿನ ರಾಮಾಯಣವನ್ನೆಲ್ಲ ಹೊರಗೆ ಹೇಳುವುದಿಲ್ಲ. 'ಈ ವಿಳಾಸಗಳಿಗೆ ಹೋಗಬೇಕೇ, ನನ್ನ ಹತ್ತಿರ ಬನ್ನಿ, ಇಷ್ಟು ದೂರ' ಎಂದು ತನ್ನದೇ ಹೆಸರಿನಲ್ಲಿ ಸಾರುತ್ತದೆ. ಹೊರಗಿನವರಿಗೆ ಅದೇ ವೇದವಾಕ್ಯ.

ಹಾಗಾಗಿ ಹೊರಗಿನಿಂದ ನೋಡಿದರೆ ಗಡಿಯ ಹೆಸರು ಕಾಣಿಸಿಯೇ ಕಾಣಿಸುತ್ತದೆ, ತಪ್ಪು ಯಾರದೇ ಇರಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಲು ಡೇಲ್ ಸಲಾಕೆ ಕಾಯಿಸಿ ಕುಳಿತಿದ್ದ.

ಪರದೆಯ ಮೇಲೆ ಗಡಿಯ ಮಾತು ಒಂದೇ ಸಾಲಿನಲ್ಲಿತ್ತು. ಹೆರನ್ ಪಾಯಿಂಟ್ ವಲಯದ ಅಷ್ಟೂ ವಿಳಾಸಗಳನ್ನು ಒಂದೇ ಕಟ್ಟಾಗಿ ಕಟ್ಟಿ, ದೂರ ಮೂವತ್ತೆಂಟು ಎಂದು ಹೇಳಿತ್ತು. ಕಟ್ಟಿನೊಳಗೆ ಒಂದು ವಿಳಾಸ ಸತ್ತರೂ ಉಳಿದವು ಬದುಕಿದ್ದರೆ ಸಾಕು, ಆ ಸಾಲು ಹಾಗೇ ನಿಂತಿರುತ್ತದೆ. ಕೇಂದ್ರ ಸತ್ತದ್ದು ಗಡಿಯಾಚೆ ಯಾರಿಗೂ ತಿಳಿಯದೇ ಹೋದದ್ದು ಹಾಗೆ.

"ಈ ಮೂವತ್ತೆಂಟು ಎಲ್ಲಿಂದ ಬಂತು?" ಎಂದು ಕೇಳಿದಳು. "ದೂರದ ಅಂಕಿ ಅಂದ್ರೆ ಲೋಕದಲ್ಲೆಲ್ಲ ಹತ್ತು, ನೂರು ಅಂತ ಇರುತ್ತೆ."

"ಅದನ್ನೂ ಸೆನ್ಯಾನೇ ಕೇಳು. ಬಂದ ವರ್ಷವೇ ಎಲ್ಲಾ ಅಂಕಿ ಬದಲಾಯಿಸಿದ್ಲು. ಹೊಸ ಅಗಸ ಬಟ್ಟೆ ಎತ್ತೆತ್ತಿ ಒಗೆದ ಹಾಗೆ."

"ಕೇಳ್ತೀನಿ. ಶೆಡ್ಡಿನ ಬೀಗದ ಕೈ ಕೊಡು."

ಡೇಲನ ನಗು ಸ್ವಲ್ಪ ಬಾಡಿತು. ಆದರೂ ಕೊಟ್ಟ.

ಹೆರನ್ ಪಾಯಿಂಟಿನ ದಾರಿಯುದ್ದಕ್ಕೂ ಹಿಮ ಕರಗಿಸಲು ಉಪ್ಪು ಚೆಲ್ಲುತ್ತ ಹೋಗುವ ಲಾರಿಯೊಂದು ಅವಳ ಮುಂದೆಯೇ ತೆವಳಿತು. ಬಲಕ್ಕೆ ಸುಪೀರಿಯರ್ ಸರೋವರ ಸೀಸದ ಬಣ್ಣಕ್ಕೆ ತಿರುಗಿತ್ತು. ವರ್ನಾ ಗಳಿಗೆಗೊಮ್ಮೆ ಕಾರಿನ ಗಡಿಯಾರ ನೋಡಿ, ಲಾರಿಯವನ ವಂಶವನ್ನೆಲ್ಲ ಹರಸಿದಳು.

ವರ್ನಾ ಹೇಳಿಕಳಿಸಿದ್ದಂತೆ ಶೆಡ್ಡಿನ ಮುಂದೆ ಸೆನ್ಯಾ ತನ್ನ ಕಾರಿನಲ್ಲಿ, ಬೇಟೆಗಾರರ ಕಿತ್ತಳೆ ಟೊಪ್ಪಿಗೆಯನ್ನು ಕಿವಿಯವರೆಗೆ ಎಳೆದುಕೊಂಡು ಕಾಯುತ್ತಿದ್ದಳು. ನಾಲ್ಕು ವರ್ಷ ಸ್ವಂತ ಮನೆಯಂತೆ ನೋಡಿಕೊಂಡ ಜಾಗದ ಹೊರಗೆ ಈಗ ನೆಂಟರ ಹಾಗೆ ನಿಲ್ಲಬೇಕಾಗಿತ್ತು. ಅವಳ ಕಣ್ಣುಗಳ ಸುತ್ತ ಕಪ್ಪು ಕಟ್ಟಿತ್ತು.

"ಮುಖ ನೋಡಿದ್ರೆ ಊಟ ಮಾಡಿ ಎರಡು ದಿನ ಆದ ಹಾಗಿದೆ," ಎಂದು ವರ್ನಾ ಕಾಗದದ ಪೊಟ್ಟಣ ಚಾಚಿದಳು. "ತಗೋ, ಅರ್ಧ ಪ್ಯಾಸ್ಟಿ ಉಳಿದಿದೆ. ಡೇಲ್ ದುಡ್ಡಿಂದು, ಸಂಕೋಚ ಬೇಡ."

"ಕೆಚಪ್ ಹಾಕಿದ್ದೀರಾ, ಗ್ರೇವಿನಾ?"

"ಕೆಚಪ್."

"ಸದ್ಯ. ಗ್ರೇವಿ ಹಾಕೋರನ್ನ ನಮ್ಮಜ್ಜಿ ಹೊಸ್ತಿಲು ದಾಟೋಕೆ ಬಿಡ್ತಿರಲಿಲ್ಲ."

ಹುಡುಗಿ ಒಂದು ತುತ್ತು ತಿಂದಳು. ಎರಡನೆಯದನ್ನು ನುಂಗಲಾಗದೆ ಕೈಯಲ್ಲೇ ಹಿಡಿದುಕೊಂಡಳು. ವರ್ನಾಗೆ ಅವಳನ್ನು ಬಾಚಿ ತಬ್ಬಿಕೊಳ್ಳಬೇಕೆನಿಸಿತು, ಆದರೆ ವಿಚಾರಣೆಗೆ ಬಂದವಳು ತಬ್ಬಿಕೊಂಡರೆ ಏನು ಚೆನ್ನ? ಬೀಗ ತೆಗೆದಳು.

ಒಳಗೆ ಫ್ಯಾನುಗಳು ಗುಂಯ್‌ಗುಡುತ್ತಿದ್ದವು. ಸೆನ್ಯಾ ಪುಟ್ಟ ಪರದೆಯ ಮುಂದೆ ಕುಳಿತ ಕೂಡಲೇ ಬೇರೆಯೇ ಆದಳು. ಬೆನ್ನು ನೆಟ್ಟಗಾಯಿತು, ಬೆರಳು ಚುರುಕಾದವು.

"ಇಲ್ಲಿ ನೋಡಿ. ಕೇಬಲ್ ಕೀಳೋಕೆ ಸ್ವಲ್ಪ ಮುಂಚೆ ಈ ರೂಟರ್ ಅಕ್ಕಪಕ್ಕದೋರಿಗೆಲ್ಲ ಹೇಳಿದೆ: ಇನ್ಮೇಲೆ ನನ್ನ ಮೂಲಕ ಹೋಗೋದು ಬಹಳ ದೂರ, ಬೇರೆ ದಾರಿ ಇದ್ರೆ ನೋಡ್ಕೊಳ್ಳಿ ಅಂತ. ಅದು ತಾನಾಗೇ ಹಾಗೆ ಹೇಳಲ್ಲ. ಯಾರೋ ಇಲ್ಲಿ ಕೂತು ಹೇಳಿಸಿದ್ದಾರೆ."

"ಕಳ್ಳ ಬಾಗಿಲು ತಟ್ಟಿ ಒಳಗೆ ಬಂದ ಹಾಗಾಯ್ತಲ್ಲೇ."

"ನಾವಿದನ್ನ ಅಪ್ಪಣೆ ತಗೊಳ್ಳೋದು ಅಂತೀವಿ. ಅರ್ವೊ ಅವರ ಕಟ್ಟಳೆ. ಯಾವ ಕೇಬಲ್ ಮುಟ್ಟಿದ್ರೂ ಮೊದಲು ಅಪ್ಪಣೆ ತಗೋಬೇಕು, ಜಾಲ ತನ್ನ ದಾರಿ ತಾನು ಹುಡುಕಿಕೊಂಡ ಮೇಲೇ ಕೀಳಬೇಕು. ಬೇರೆ ಕಡೆ ಎಲ್ಲಾ ಸುಮ್ನೆ ಕಿತ್ತು ಹಾಕ್ತಾರೆ. ಅ‌ರ್ವೊ ಅವರ ಹತ್ರ ಕಲಿತೋರು ಮಾತ್ರ ಹೀಗೆ ಮಾಡೋದು."

ಜಾಲ ಕಟ್ಟಿದವನೇ ಅರ್ವೊ ಕಂಗಾಸ್. ಅವನು ನಿವೃತ್ತನಾದ ಮೇಲೆ ಅವನ ಕುರ್ಚಿ ಸೆನ್ಯಾಗೆ ಬಂದಿತ್ತು.

ವರ್ನಾ ಯೋಚಿಸಿದಳು. ಹಾಳು ಮಾಡಬೇಕೆಂದು ಬಂದವರು ಅಪ್ಪಣೆ ಕೇಳುವುದಿಲ್ಲ. ಬಂದವರು ಯಾರೇ ಇರಲಿ, ಯಾರಿಗೂ ತೊಂದರೆಯಾಗಬಾರದೆಂದು ಎಣಿಸಿದ್ದರು. ಕರೆಗಳು ಪಕ್ಕದ ಕೌಂಟಿಗೆ ತಿರುಗುತ್ತವೆ ಎಂದೇ ನಂಬಿದ್ದರು. ಗಡಿಯ ಆ ಒಂದು ಸಾಲಿನ ವಿಷಯ ಅವರಿಗೆ ಗೊತ್ತಿರಲಿಲ್ಲ.

"ವಲಯದ ನಕ್ಷೆ ತೋರಿಸು."

ನಕ್ಷೆ ಬಂತು. ಒಂದೊಂದು ಕೇಬಲ್ಲಿನ ಪಕ್ಕದಲ್ಲೂ ದೂರದ ಅಂಕಿ: ಹತ್ತು, ಹತ್ತು, ನೂರು, ಹತ್ತು. ಮೂಲೆಯಲ್ಲೊಂದು ಮಾತ್ರ ಹನ್ನೆರಡು.

"ಇದೊಂದು ಯಾಕೆ ಹೀಗೆ?"

ಸೆನ್ಯಾಳ ಮುಖದಲ್ಲಿ ಅಂದಿನ ಮೊದಲ ನಗು ಕಾಣಿಸಿತು. "ಅದು ದೀಪಸ್ತಂಭಕ್ಕೆ ಹೋಗೋ ಕೇಬಲ್. ಮುಂಚೆ ಎಲ್ಲಾ ಅಂಕಿನೂ ಹಾಗೇ ಇತ್ತು. ಅರ್ವೊ ಅವರು ಕೇಬಲ್ಲಿನ ವೇಗ ನೋಡ್ತಿರಲಿಲ್ಲ. ಹಿಮ ಬಿದ್ದಾಗ ತಮ್ಮ ಹಳೇ ಟ್ರಕ್ಕಲ್ಲಿ ಅಲ್ಲಿಗೆ ಹೋಗೋಕೆ ಎಷ್ಟು ನಿಮಿಷ ಹಿಡಿಯುತ್ತೋ, ಅದೇ ದೂರ. ಕೆಟ್ಟರೆ ರಿಪೇರಿಗೆ ಹೋಗೋನು ನಾನು ತಾನೇ, ಅಂತಿದ್ರು. ನಾನು ಬಂದು ಎಲ್ಲಾ ವೇಗದ ಲೆಕ್ಕಕ್ಕೆ ಬದಲಾಯಿಸಿದೆ. ಇದೊಂದನ್ನ ಮಾತ್ರ ಅವರ ನೆನಪಿಗೆ ಅಂತ ಬಿಟ್ಟೆ."

"ಇದೊಂದನ್ನ ಮಾತ್ರನಾ?"

"ಹೂಂ."

"ಹ್ಯಾಲ್ಡನ್‌ನಿಂದ ಇಲ್ಲಿಗೆ ಟ್ರಕ್ಕಲ್ಲಿ ಎಷ್ಟು ನಿಮಿಷ ಆಗುತ್ತೆ ಸೆನ್ಯಾ?"

ಬೆರಳುಗಳು ನಿಂತವು. ನಗು ಎಲ್ಲಿತ್ತೋ ಅಲ್ಲೇ ಹೆಪ್ಪುಗಟ್ಟಿತು.

"ನಾನು ಈಗ ಬಂದೆ, ಉಪ್ಪಿನ ಲಾರಿ ಹಿಂದೆ," ಎಂದಳು ವರ್ನಾ ಮೆಲ್ಲಗೆ. "ಮೂವತ್ತೆಂಟು ನಿಮಿಷ."

"ಗಡಿಯ ಸಾಲು ನಾನೇ ಬರೆದಿದ್ದು."

"ನಿನ್ನ ಅಂಕಿಗಳು ಹತ್ತು, ನೂರು. ಅದು ನಿನ್ನ ಅಂಕಿ ಅಲ್ಲ ಕಣಮ್ಮ."

"ನಾನೇ ಬರೆದೆ ಅಂದ್ನಲ್ಲ!" ಸೆನ್ಯಾ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಉರುಳಿತು. "ಬರ್ಕೊಳ್ಳಿ, ಸಹಿ ಹಾಕಿ, ಹೋಗಿ! ಡೇಲ್‌ಗೆ ಬೇಕಾಗಿರೋದೂ ಅದೇ ಅಲ್ವಾ?"

"ಡೇಲ್‌ಗೆ ಬೇಕಾದ್ದನ್ನ ಡೇಲ್ ಹೆಂಡತಿ ಮಾಡಿಕೊಡಲಿ. ನಂಗೆ ಬೇಕಾಗಿರೋದು ನಿಜ. ಆ ಸಾಲು ಅರ್ವೊದು. ನಿಂಗದು ಮಂಗಳವಾರವೇ ಗೊತ್ತಾಗಿದೆ. ಮೂರು ದಿನದಿಂದ ಕಲ್ಲಿನ ಹಾಗೆ ಕೂತಿದ್ದೀಯ. ಯಾಕೆ?"

ಸೆನ್ಯಾ ಗೋಡೆಗೆ ಒರಗಿದಳು.

"ಯಾವ ಬಾಯಲ್ಲಿ ಹೇಳ್ಲಿ ವರ್ನಾ? ಹೆಂಡತಿ ನೆಲದ ಮೇಲೆ ಬಿದ್ದಿದ್ದಾಳೆ, ಆ ಮನುಷ್ಯ ಫೋನು ಒತ್ತಿದ್ದಾರೆ, ಒತ್ತಿದ್ದಾರೆ, ಒತ್ತಿದ್ದಾರೆ. ಒಂದೊಂದು ಕರೆನೂ ಹೋಗಿ ಬಿದ್ದಿದ್ದು ಎಲ್ಲಿ? ಅವರೇ ಬರೆದ ಸಾಲಿಗೆ. ಈಗ ಅವಳ ಕೈ ಹಿಡ್ಕೊಂಡು ಆಸ್ಪತ್ರೇಲಿ ಕೂತಿದ್ದಾರಲ್ಲ, ಅವರ ಮುಂದೆ ಹೋಗಿ, ಮಾತು ಕಿತ್ಕೊಂಡಿದ್ದು ನಿಮ್ಮ ಕೈಯೇ ಅಂತ ಹೇಳ್ಲಾ?"

ವರ್ನಾ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು.

"ಅವರು ತಪ್ಪು ಮಾಡಿದ್ದೂ ಅಲ್ಲ," ಎಂದಳು ಸೆನ್ಯಾ. "ಆಗ ತುರ್ತು ಕೇಂದ್ರ ಹ್ಯಾಲ್ಡನ್‌ನಲ್ಲೇ ಇತ್ತು. ಇಲ್ಲಿ ಗಾಳಿಗೆ ದಿನಾ ಒಂದು ಕೇಬಲ್ ಬಿದ್ದು ಎದ್ದು ಮಾಡೋದು. ಪ್ರತಿ ಸಲ ಇಡೀ ಕೌಂಟಿ ರೂಟರುಗಳು ದಾರಿ ಲೆಕ್ಕ ಹಾಕಿ ಹಾಕಿ ಸುಸ್ತಾಗ್ತಿದ್ವು. ನಮ್ಮ ಮನೆ ಜಗಳ ಊರಿಗೆ ಯಾಕೆ ಅಂತ ಎಲ್ಲಾ ಸೇರಿಸಿ ಒಂದು ಸಾಲು ಮಾಡಿದ್ರು. ಯಾರಾದ್ರೂ ಹಾಗೇ ಮಾಡ್ತಿದ್ರು. ಆಮೇಲೆ ಕೇಂದ್ರ ಇಲ್ಲಿಗೆ ಬಂತು. ಆ ಸಾಲು ಒಂದಿದೆ ಅಂತ ಯಾರಿಗೂ ನೆನಪಾಗಲಿಲ್ಲ. ನಂಗೂ ಆಗಲಿಲ್ಲ. ಅಂಕಿ ಎಲ್ಲಾ ಬದಲಾಯಿಸಿದೋಳು ಅದೊಂದನ್ನ ನೋಡಲೇ ಇಲ್ಲ. ಅಂದ ಮೇಲೆ ನಂದೂ ಪಾಲಿದೆ ಅಲ್ವಾ?"

"ಪಾಲಿಗೆ ತಕ್ಕಷ್ಟು ಬೈಸ್ಕೋ. ಅದಕ್ಕೆ ಜೈಲಿಗೆ ಹೋಗ್ತಾರಾ?"

"ನಂಗೆ ಬೇರೆ ಕೆಲಸ ಸಿಗುತ್ತೆ. ಅವರಿಗೆ ಬೇರೆ ಲೆಂಪಿ ಸಿಗಲ್ಲ."

ಇಷ್ಟು ಒಳ್ಳೆಯತನ ಮೈಗೆ ಒಳ್ಳೆಯದಲ್ಲ ಎಂದು ವರ್ನಾಗೆ ಅನಿಸಿತು. ಉರುಳಿದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಹುಡುಗಿಯ ಭುಜ ಹಿಡಿದು ಅದರಲ್ಲಿ ಕೂರಿಸಿದಳು.

"ಕೇಬಲ್ ಕಿತ್ತಿದ್ದು ನೀನಾ?"

"ಅಲ್ಲ."

"ಯಾರು?"

"ಗೊತ್ತಿಲ್ಲ."

"ಕೇಳಿಸ್ಕೋ ಹಾಗಾದ್ರೆ. ಸಾಲು ಬರೆದೋರು ಬೇರೆ, ಕೇಬಲ್ ಕಿತ್ತೋರು ಬೇರೆ. ನೀನು ಮೊದಲನೆಯೋರನ್ನ ಕಾಪಾಡೋಕೆ ಹೋಗಿ ಎರಡನೆಯೋರನ್ನ ಹಾಯಾಗಿ ಮಲಗಿಸ್ತಿದ್ದೀಯ. ಅಪ್ಪಣೆ ತಗೊಳ್ಳೋದನ್ನ ಅರ್ವೊ ಯಾರ್ಯಾರಿಗೆ ಕಲಿಸಿದ್ರು?"

"ನಂಗೆ. ಡೇಲ್‌ಗೆ, ಅವನೂ ಮೊದಲು ಕೇಬಲ್ ಎಳೆದೋನೇ. ಇನ್ಯಾರಾದ್ರೂ ಇದ್ರೆ ಅರ್ವೊ ಅವರೇ ಹೇಳ್ಬೇಕು." ಅವಳು ವರ್ನಾಳ ತೋಳು ಹಿಡಿದಳು. "ಹೋಗ್ತೀರಾ? ಹೋಗಿ. ಆದ್ರೆ ಸಾಲಿನ ವಿಷಯ ಎತ್ತಬೇಡಿ. ದಮ್ಮಯ್ಯ ಅಂತೀನಿ."

"ಎತ್ತಲ್ಲ. ನೀನೂ ನಾನು ಬರೋವರೆಗೆ ಯಾರ ಮುಂದೂ ಬಾಯಿ ಬಿಡಬೇಡ. ಮೂರು ದಿನ ಮುಚ್ಚಿದ್ದೀಯಲ್ಲ, ಇನ್ನೊಂದೆರಡು ಗಂಟೆ ಮುಚ್ಕೋ."

ಮಾತು ಕೊಟ್ಟು ಬಂದಳೇನೋ ನಿಜ. ಹ್ಯಾಲ್ಡನ್ ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಆ ಮಾತು ಅವಳ ಎದೆಯ ಮೇಲೆ ಕುಳಿತಿತ್ತು.

ಅರ್ವೊ ಕಂಗಾಸ್ ಹಾಸಿಗೆಯ ಪಕ್ಕದಲ್ಲಿ ಕುಳಿತು ಹೆಂಡತಿಯ ತಲೆ ಬಾಚುತ್ತಿದ್ದ. ದಪ್ಪ ಬೆರಳುಗಳಿಗೆ ಬಾಚಣಿಗೆ ಹೊಸದು. ಸಿಕ್ಕು ಬಂದಲ್ಲೆಲ್ಲ ಬಾಚಣಿಗೆ ಬಿಟ್ಟು ಕೈಯಲ್ಲೇ ಬಿಡಿಸುತ್ತಿದ್ದ. ಲೆಂಪಿಯ ಬಲಗಡೆ ಮುಖ ಇಳಿದಿತ್ತು. ಕಣ್ಣು ಮಾತ್ರ ತೆರೆದು, ಬಂದವರನ್ನು ನೆಟ್ಟಗೆ ನೋಡುತ್ತಿತ್ತು.

"ಬಾರಮ್ಮ," ಎಂದ ಅರ್ವೊ. "ಸೆನ್ಯಾ ಹೇಗಿದ್ದಾಳೆ?"

ಮೊದಲ ಪ್ರಶ್ನೆಯೇ ಅದು. ವರ್ನಾ ಸ್ವಲ್ಪ ತಡವರಿಸಿದಳು. "ಪರವಾಗಿಲ್ಲ. ನಿಮ್ಮನ್ನ ಒಂದು ವಿಷಯ ಕೇಳ್ಬೇಕಿತ್ತು. ಅಪ್ಪಣೆ ತಗೊಂಡು ಕೇಬಲ್ ಕೀಳೋದನ್ನ ನೀವು ಯಾರಿಗೆಲ್ಲ ಹೇಳಿಕೊಟ್ಟಿದ್ದೀರಿ?"

ಬಾಚಣಿಗೆ ನಿಂತಿತು.

"ಗಡಿಯ ಸಾಲಿನ ವಿಷಯ ಮುಚ್ಚಿಡು ಅಂತ ಸೆನ್ಯಾ ಹೇಳಿದ್ಲಾ?"

ವರ್ನಾ ಕುರ್ಚಿಯೊಂದನ್ನು ಹತ್ತಿರ ಎಳೆದುಕೊಂಡಳು.

"ನಂಗೆ ಗೊತ್ತಮ್ಮ. ಫೋನು ಕಿವಿಗೆ ಹಿಡಿದು ಎರಡನೇ ಸಲ ಆ ಮೌನ ಕೇಳಿದಾಗಲೇ ಗೊತ್ತಾಯ್ತು. ನಾನು ಕಟ್ಟಿದ್ದು ಹೇಗೆ ಸುಮ್ಮನಾಗುತ್ತೆ ಅಂತ ನಂಗೆ ಗೊತ್ತಾಗಲ್ವಾ? ಆ ಹುಡುಗಿ ನಂಗೋಸ್ಕರ ತಲೆ ಕೊಡ್ತಿದ್ದಾಳೆ ಅನ್ನೋದೂ ಗೊತ್ತು. ಇವತ್ತು ಸಂಜೆ ಹೋಗಿ ಎಲ್ಲಾ ಹೇಳಿಬಿಡೋಣ ಅಂತ ಬೆಳಿಗ್ಗೆಯಿಂದ ಮೂರು ಸಲ ಕೋಟು ಹಾಕ್ಕೊಂಡೆ. ಮೂರು ಸಲ ತೆಗೆದೆ."

"ಸಾಲು ಬರೆದಿದ್ದು ಅಪರಾಧ ಅಲ್ಲ ಅರ್ವೊ. ಯಾರೂ ನಿಮ್ಮನ್ನ ಬೈಯಲ್ಲ."

"ಸಾಲಿಗಲ್ಲ ನಾನು ಹೆದರಿದ್ದು."

ಅವನು ಬಾಚಣಿಗೆಯನ್ನು ದಿಂಬಿನ ಪಕ್ಕ ಇಟ್ಟ. ದೊಡ್ಡ ಕೈಗಳನ್ನು ಮಂಡಿಯ ಮೇಲೆ ಇಟ್ಟುಕೊಂಡ.

"ಮೂರು ಜನಕ್ಕೆ ಕಲಿಸಿದೆ. ಡೇಲ್, ಸೆನ್ಯಾ. ಮೂರನೆಯೋಳು ಇವಳು. ಸಂಘದ ಆಫೀಸಲ್ಲಿದ್ದಳಲ್ಲ, ಚಳಿಗಾಲದಲ್ಲಿ ನಂಜೊತೆ ಶೆಡ್ಡಿಗೂ ಬರ್ತಿದ್ದಳು. ಇವಳು ಕೂತು ಅಪ್ಪಣೆ ತಗೊಳ್ಳೋದು, ನಾನು ಕೀಳೋದು. ಇಪ್ಪತ್ತು ವರ್ಷ ಹಾಗೇ ಮಾಡಿದ್ವಿ. ಗಡಿಯ ಸಾಲು ಮಾತ್ರ ನಾನೊಬ್ಬನೇ ಹ್ಯಾಲ್ಡನ್‌ನಲ್ಲಿ ಕೂತು ಬರೆದಿದ್ದು. ಇವಳಿಗದು ಗೊತ್ತೇ ಇಲ್ಲ."

ವರ್ನಾ ಹಾಸಿಗೆಯತ್ತ ತಿರುಗಿದಳು. ಲೆಂಪಿಯ ಕಣ್ಣಂಚಿನಿಂದ ನೀರು ಕಿವಿಯತ್ತ ಇಳಿಯುತ್ತಿತ್ತು.

"ಅವಳು ಬಿದ್ದಿದ್ದು ಅಡುಗೆಮನೇಲಿ ಅಲ್ಲ," ಎಂದ ಅರ್ವೊ. "ಬೇಟೆಯಿಂದ ಬೇಗ ವಾಪಸ್ ಬಂದೆ. ದಾರೀಲಿ ನೋಡಿದ್ರೆ ಶೆಡ್ಡಿನ ಮುಂದೆ ಇವಳ ಕಾರು. ಒಳಗೆ ನೆಲದ ಮೇಲೆ ಬಿದ್ದಿದ್ದಳು. ಕಿತ್ತ ಕೇಬಲ್ ಇನ್ನೂ ಕೈಲಿತ್ತು. ನಮ್ಮ ಹತ್ರ ಹಳೇ ಬೀಗದ ಕೈ ಒಂದು ಉಳ್ಕೊಂಡಿತ್ತಲ್ಲ, ಅದು ಬಾಗಿಲಲ್ಲೇ ನೇತಾಡ್ತಿತ್ತು."

"ಆಮೇಲೆ?"

"ಯಾರಾದ್ರೂ ಇವಳನ್ನ ಹೀಗೆ ನೋಡಿದ್ರೆ ಏನಂತಾರೆ ಅನ್ನಿಸ್ತು. ಅದೇ ಮೊದಲು ಅನ್ನಿಸಿದ್ದು. ಕೇಬಲ್ ಕೈಯಿಂದ ಬಿಡಿಸಿ ಎಸೆದು, ಇವಳನ್ನ ಹೊತ್ಕೊಂಡು ಟ್ರಕ್ಕಿಗೆ ಹಾಕಿ ಮನೆಗೆ ತಂದು ಅಡುಗೆಮನೇಲಿ ಮಲಗಿಸಿ ಫೋನು ಮಾಡಿದೆ. ಹೋಗಲಿಲ್ಲ. ಮತ್ತೆ ಮಾಡಿದೆ. ಆಗ ತಿಳೀತು, ಆ ಕೇಬಲ್ ಸಿಕ್ಕಿಸದೆ ಯಾವ ಕರೆನೂ ಹೋಗಲ್ಲ ಅಂತ. ಇವಳನ್ನ ಒಬ್ಬಳನ್ನೇ ಬಿಟ್ಟು ಮತ್ತೆ ಶೆಡ್ಡಿಗೆ ಓಡಿದೆ. ಮೊದಲು ಇವಳ ಮಾನ ಕಾಯ್ದೆ ಕಣಮ್ಮ. ಜೀವ ಆಮೇಲೆ ನೆನಪಾಯ್ತು."

ವರ್ನಾ ಅವನ ಕೈ ಹಿಡಿದಳು.

"ಯಾಕೆ ಕಿತ್ತಳು?"

"ಕೇಳಿಲ್ಲ. ಎಡಗೈ ಆಡುತ್ತೆ. ಹೌದು ಅಂದ್ರೆ ಒಂದು ಸಲ ಒತ್ತೋಕೆ ನರ್ಸು ನಿನ್ನೆ ಹೇಳಿಕೊಟ್ಟಿದ್ದಾರೆ. ಆದ್ರೂ ಕೇಳಿಲ್ಲ. ಕೇಳಿ, ಅವಳು ಹೌದು ಅಂದುಬಿಟ್ರೆ?"

ಕೇಳದೆ ಬೇರೆ ದಾರಿಯಿರಲಿಲ್ಲ. ವರ್ನಾ ಹಾಸಿಗೆಯ ಅಂಚಿನಲ್ಲಿ ಕುಳಿತು ಲೆಂಪಿಯ ಎಡಗೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಕೈ ತಣ್ಣಗಿತ್ತು.

"ಲೆಂಪಿ, ನಿಮ್ಮ ಮೇಲೆ ನಂಗೆ ಕೋಪ ಇಲ್ಲ. ಕೇಬಲ್ ಕಿತ್ತಿದ್ದು ನೀವೇನಾ?"

ಬೆರಳುಗಳು ಒತ್ತಿದವು.

"ಕರೆಗಳು ಪಕ್ಕದ ಕೌಂಟಿಗೆ ಹೋಗುತ್ತೆ, ಯಾರಿಗೂ ಏನೂ ಆಗಲ್ಲ ಅಂದ್ಕೊಂಡಿದ್ರಾ?"

ಒತ್ತಿದವು. ಕಣ್ಣೀರು ಧಾರೆಯಾಯಿತು.

"ನೀವಾಗೇ ಯೋಚನೆ ಮಾಡಿ ಮಾಡಿದ್ರಾ?"

ಬೆರಳು ಅಲ್ಲಾಡಲಿಲ್ಲ.

"ಯಾರಾದ್ರೂ ಮಾಡು ಅಂತ ಹೇಳಿದ್ರಾ?"

ಒತ್ತಿದವು, ಈ ಸಲ ಜೋರಾಗಿ. ಅರ್ವೊ ಎದ್ದು ನಿಂತ. "ಯಾರು? ಯಾರು ಲೆಂಪಿ?"

ವರ್ನಾಳ ಫೋನು ಬಡಿದುಕೊಂಡಿತು. ಒಂದು ಕೈ ಲೆಂಪಿಯ ಹಿಡಿತದಲ್ಲಿದ್ದುದರಿಂದ ಅವಳು ಫೋನನ್ನು ಹಾಸಿಗೆಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದಳು. ಡೇಲನ ದನಿ ಕೋಣೆ ತುಂಬಿತು.

"ವರ್ನಾ, ಇನ್ನು ನೀನು ಒದ್ದಾಡೋದು ಬೇಡ. ಸೆನ್ಯಾ ತಾನಾಗೇ ಬಂದು ಎಲ್ಲಾ ಒಪ್ಕೊಂಡ್ಳು. ಸಾಲೂ ನಂದೇ, ಕೇಬಲ್ ಕಿತ್ತಿದ್ದೂ ನಾನೇ ಅಂತ ಷೆರೀಫನ ಮುಂದೆ ಹೇಳಿದ್ದಾಳೆ. ಐದು ಗಂಟೆವರೆಗೂ ಯಾಕೆ, ಈಗಲೇ ಕರ್ಕೊಂಡು ಹೊರಟಿದ್ದಾನೆ."

ಬಾಯಿ ಬಿಡಬೇಡ ಎಂದು ಅಷ್ಟು ಹೇಳಿ ಬಂದಿದ್ದಳಲ್ಲ! ವರ್ನಾಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಕರೆ ಕತ್ತರಿಸಿದಳು.

ಅರ್ವೊ ಆಗಲೇ ಕೋಟಿಗೆ ತೋಳು ತೂರಿಸುತ್ತಿದ್ದ. "ನಾನು ಹೋಗ್ತೀನಿ. ಸಾಲು ನಂದು, ಕೈ ಇವಳದು, ಎಲ್ಲಾ ಹೇಳ್ತೀನಿ. ಆ ಮಗೂನ ಬಿಡಿಸ್ಕೊಂಡೇ ಬರ್ತೀನಿ."

ಲೆಂಪಿಯ ಕೈ ವರ್ನಾಳ ಹಿಡಿತದಿಂದ ಜಾರಿ ಗಾಳಿಯಲ್ಲಿ ತಡಕಾಡಿತು. ಗಂಡನ ಕೋಟಿನ ಅಂಚು ಸಿಕ್ಕಿದ್ದೇ ಅದನ್ನು ಬಿಗಿಯಾಗಿ ಮುಷ್ಟಿಯಲ್ಲಿ ಹಿಡಿದುಕೊಂಡಿತು.

"ಬಿಡೇ, ಹೊತ್ತಾಗುತ್ತೆ," ಎಂದು ಅರ್ವೊ ಬಗ್ಗಿ ಆ ಮುಷ್ಟಿಯನ್ನು ತನ್ನ ಅಂಗೈಯಲ್ಲಿ ತೆಗೆದುಕೊಂಡ. "ಹೆದರಿಕೆನಾ? ನಿನ್ನನ್ನ ಯಾರೂ ಏನೂ ಮಾಡಲ್ಲ. ಹೋಗಬೇಡ ಅಂತೀಯಾ?"

ಅವಳು ಒತ್ತಿದಳು.

"ಸೆನ್ಯಾ ಅಲ್ವೇನೇ ಇದು? ನಮ್ಮ ಸೆನ್ಯಾ. ಅವಳದೇನೂ ತಪ್ಪಿಲ್ಲ, ಕೀಳು ಅಂದಿದ್ದು ಅವಳಲ್ಲ ಅಂತ ನಿಂಗೂ ಗೊತ್ತು ತಾನೇ?"

ಲೆಂಪಿ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವನು ಕಾದ. ವರ್ನಾ ಕಾದಳು.

ಕೈ ಒತ್ತಲಿಲ್ಲ.